ಕಾವ್ಯದ ಹಕ್ಕಿ, ಹಿತ್ತಲ ಹಕ್ಕಿ

ನಮ್ಮ ಸಾಹಿತ್ಯದಲ್ಲಿ ಹಕ್ಕಿಗಳಿಗೆ ಬರವಿಲ್ಲ. ಹಂಸವಿಲ್ಲದ ಸರೋವರವನ್ನಾಗಲಿ, ಕೋಗಿಲೆಯಿಲ್ಲದ ವಸಂತವನ್ನಾಗಲಿ, ಗಿಣಿಯಿಲ್ಲದ ಅಂತಃಪುರವನ್ನಾಗಲಿ ನಮ್ಮ ಹಳೆಯ ಕವಿಗಳು ಬಲ್ಲವರಲ್ಲ. ಆದರೆ ಬೈಲಹೊಂಗಲದಲ್ಲೋ ರಾಮದುರ್ಗದಲ್ಲೋ ಒಂದು ಸಾಧಾರಣ ಮನೆಯ ಹಿತ್ತಲಲ್ಲಿ ಬೆಳಗಿನ ಅರ್ಧ ತಾಸು ಸುಮ್ಮನೆ ಕುಳಿತವರ ಕಣ್ಣಿಗೆ ಬೀಳುವ ಹಕ್ಕಿಗಳನ್ನು ಎಣಿಸಿ, ಇವುಗಳಲ್ಲಿ ಎಷ್ಟು ನಮ್ಮ ಪುಸ್ತಕಗಳಲ್ಲಿವೆ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ದಾಸವಾಳದ ಹೂವಿಗೆ ಬಾಗಿದ ಕೊಕ್ಕು ಚುಚ್ಚಿ ಜೇನು ಹೀರುವ ಸೂರಕ್ಕಿ. ಅಗಲವಾದ ಎಲೆಯ ಅಂಚುಗಳನ್ನು ನಾರಿನಿಂದ ಹೊಲಿದು ಗೂಡು ಮಾಡುವ ಸಿಂಪಿಗ. ಕರಿಬೇವಿನ ಹಣ್ಣಿಗೆ ಬರುವ ಪಿಕಳಾರ. ವಿದ್ಯುತ್ತಿನ ತಂತಿಯ ಮೇಲೆ ಕುಳಿತು ತನಗಿಂತ ನಾಲ್ಕು ಪಟ್ಟು ದೊಡ್ಡದಾದ ಹದ್ದನ್ನೂ ಅಟ್ಟಿಕೊಂಡು ಹೋಗುವ ಕಾಜಾಣ. ಬೇವಿನ ಪೊಟರೆಯಲ್ಲಿ ಹಗಲೆಲ್ಲ ತೂಕಡಿಸಿ ಸಂಜೆಗೆ ಕಣ್ಣರಳಿಸುವ ಪುಟ್ಟ ಗೂಬೆ. ಇವು ದಿನವೂ ನಮ್ಮ ಕಣ್ಣಿಗೆ ಬೀಳುತ್ತವೆ. ನಮ್ಮ ಬರವಣಿಗೆಯ ಬಲೆಗೆ ಮಾತ್ರ ಬೀಳುವುದು ಅಪರೂಪ.

ಹಕ್ಕಿಯ ಜಾತಿ ವಿಚಾರಿಸುವುದು ಪ್ರಾಣಿಶಾಸ್ತ್ರದವರ ಕೆಲಸ, ರಸಿಕನಿಗೆ ಅದರಿಂದ ಆಗಬೇಕಾದದ್ದೇನು, ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಆದಿಕಾವ್ಯವೇ ಉತ್ತರ ಕೊಡುತ್ತದೆ. ವಾಲ್ಮೀಕಿಯ ಬಾಯಿಂದ ಶ್ಲೋಕ ಹೊರಟದ್ದು ‘ಒಂದು ಹಕ್ಕಿ’ ಸತ್ತದ್ದಕ್ಕಲ್ಲ. ಕ್ರೌಂಚದ ಜೋಡಿಯಲ್ಲಿ ಒಂದು ಬೇಡನ ಬಾಣಕ್ಕೆ ಉರುಳಿ ಇನ್ನೊಂದು ಅತ್ತದ್ದಕ್ಕೆ. ಈ ಕ್ರೌಂಚ ಯಾವುದು? ನಿಘಂಟುಕಾರರು ಒಂದೊಂದು ಹಕ್ಕಿಯನ್ನು ಹೆಸರಿಸಿ ಬಿಟ್ಟರು. ಜೂಲಿಯಾ ಲೆಸ್ಲಿ ಎಂಬ ವಿದುಷಿ 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದು ಸಾರಸವೆಂದು ವಾದಿಸಿದರು. ಸಾರಸದ ಗಂಡು ಹೆಣ್ಣು ವರ್ಷಗಟ್ಟಲೆ ಜೊತೆ ಬಿಡುವುದಿಲ್ಲ. ಎದುರುಬದುರು ನಿಂತು ಕುಣಿಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಎರಡೂ ಸೇರಿ ಒಂದೇ ಕೂಗನ್ನು ಕೂಗುತ್ತವೆ, ಒಂದರ ದನಿ ನಿಂತಲ್ಲಿ ಇನ್ನೊಂದರ ದನಿ ಹೊಂದಿಕೊಳ್ಳುತ್ತದೆ. ಇದನ್ನು ತಿಳಿದ ಮೇಲೆ ಆ ಸಂದರ್ಭವನ್ನು ಮತ್ತೊಮ್ಮೆ ಓದಿ ನೋಡಬೇಕು. ಉಳಿದ ಹಕ್ಕಿ ಅಳುತ್ತದೆ ಎಂದರೆ ಅರ್ಧ ಹಾಡನ್ನು ಒಂಟಿಯಾಗಿ ಹಾಡುತ್ತದೆ ಎಂದರ್ಥ. ಹಕ್ಕಿಯ ಗುರುತು ಇಲ್ಲಿ ಕರುಣರಸವನ್ನು ಹೆಚ್ಚಿಸಿತಲ್ಲದೆ ತಗ್ಗಿಸಲಿಲ್ಲ.

ಹಾಗಾದರೆ ನಮ್ಮ ಕಾವ್ಯ ಎಲ್ಲಿ ದಾರಿ ತಪ್ಪಿತು? ಕವಿಸಮಯ ಎಂಬ ಅನುಕೂಲವಾದ ವ್ಯವಸ್ಥೆಯಲ್ಲಿ ಎಂದು ಹೇಳಬೇಕಾಗುತ್ತದೆ. ಹಂಸವು ನೀರನ್ನು ಬಿಟ್ಟು ಹಾಲನ್ನು ಹೀರುತ್ತದೆ. ಚಾತಕವು ಮಳೆಯ ಹನಿಯನ್ನಲ್ಲದೆ ಬೇರೆ ನೀರನ್ನು ಮುಟ್ಟುವುದಿಲ್ಲ. ಚಕೋರಕ್ಕೆ ಬೆಳದಿಂಗಳೇ ಊಟ. ಇವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಹಂಸವೆಂದರೆ ಹೆಬ್ಬಾತೆಂದು ಡಚ್ ವಿದ್ವಾಂಸ ಫೋಗೆಲ್ ಅವರು 1962ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ ಸಾಹಿತ್ಯ ಶಿಲ್ಪಗಳೆರಡರ ಆಧಾರದಿಂದ ವಿವರಿಸಿದ್ದಾರೆ. ತಲೆಯ ಮೇಲೆ ಎರಡು ಕರಿಪಟ್ಟಿಗಳಿರುವ ಹೆಬ್ಬಾತು ಹಿಮಾಲಯವನ್ನು ದಾಟಿ ಪ್ರತಿ ಚಳಿಗಾಲವೂ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುತ್ತದೆ. ಈ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಮಾನಸ ಸರೋವರದ ಹಂಸವೆಂಬ ಮಾತಿನ ಹಿಂದೆ ಯಾರೋ ಕಣ್ಣೆತ್ತಿ ನೋಡಿದ ಸಾಲು ಇದೆ. ಚಾತಕಗಳಲ್ಲಿಯೂ ಮುಂಗಾರಿನ ಗಾಳಿಯೊಡನೆ ಆಫ್ರಿಕದಿಂದ ಕಡಲು ದಾಟಿ ಬರುವವು ಇವೆ. ಮಳೆಗಾಗಿ ಅದು ಬಾಯಿಬಿಡುತ್ತದೆಂಬ ಮಾತು ಅದರ ಬರವನ್ನು ಮೋಡದೊಡನೆ ಗಂಟುಹಾಕಿ ನೋಡಿದವನ ಮಾತು. ಆದರೆ ಚಕೋರವೆಂದು ಗುರುತಿಸಲಾದ ಕವುಜುಗದ ಜಾತಿ ವಾಯವ್ಯದ ಬೆಟ್ಟಗಳ ಹಕ್ಕಿ; ದಖ್ಖಣದಲ್ಲಿ ಅದು ಇಲ್ಲವೇ ಇಲ್ಲ. ಅದನ್ನು ಕಾಣದ ಕನ್ನಡ ಕವಿ ಕೇಳಿದ್ದನ್ನೇ ಹಾಡಿದ. ಅಂದರೆ ಕವಿಸಮಯ ಮೊದಲು ನೋಟವಾಗಿ ಹುಟ್ಟಿ, ಆಮೇಲೆ ನೋಡುವ ಶ್ರಮವನ್ನು ತಪ್ಪಿಸುವ ಸಾಧನವಾಯಿತು.

ಕೋಗಿಲೆಯ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. ಬೇವಿನ ಮರದಲ್ಲಿ ಮರೆಯಾಗಿ ಏರುದನಿಯಲ್ಲಿ ಕೂಗುವುದು ಕಪ್ಪು ಮೈಯ ಗಂಡು. ಕಂದುಮೈಗೆ ಬಿಳಿಚುಕ್ಕೆ ಚೆಲ್ಲಿದ ಹೆಣ್ಣು ಹಾಗೆ ಹಾಡುವುದಿಲ್ಲ. ಅವಸರದ ಗಡಸುದನಿಯಲ್ಲಿ ಕಿರುಚುತ್ತದೆ, ಸಮಯ ನೋಡಿ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಆದರೂ ನಾವು ಹಾಡುಗಾರ್ತಿಯರಿಗೆ ಗಾನಕೋಗಿಲೆಯೆಂಬ ಬಿರುದು ಕೊಡುವುದನ್ನು ಬಿಟ್ಟಿಲ್ಲ. ಪಂಪನು 941ರಲ್ಲಿ ಮುಗಿಸಿದ ತನ್ನ ಭಾರತದಲ್ಲಿ ಬನವಾಸಿಯ ನಂದನದೊಳಗೆ ಕೋಗಿಲೆಯಾಗಿ ಹುಟ್ಟುವ ಆಸೆಯನ್ನು ಹೇಳಿಸಿದಾಗ ಅದು ಒಂದು ನಾಡಿನ ಹಂಬಲ. ಊರಿನ ಹೆಸರಿದೆ, ಮರವಿದೆ, ಮರಳಬೇಕೆಂಬ ಸಂಕಟವಿದೆ. ಅವನ ಹಿಂದೆ ಬಂದ ನೂರಾರು ಕವಿಗಳ ಕೋಗಿಲೆಗೆ ಮರವೂ ಇಲ್ಲ, ಊರೂ ಇಲ್ಲ.

ಹೊಸಗನ್ನಡ ಈ ಸ್ಥಿತಿಯನ್ನು ಎರಡು ಬಗೆಯಲ್ಲಿ ಬದಲಿಸಿತು. ಧಾರವಾಡದಲ್ಲಿ ಬೇಂದ್ರೆಯವರು 1932ರ ‘ಗರಿ’ಯಲ್ಲಿ ಕಾಲವನ್ನೇ ಹಕ್ಕಿಯಾಗಿ ಹಾರಿಸಿದರು. ಆ ಹಕ್ಕಿಗೆ ಜಾತಿ ಕೇಳುವವನು ಅರಸಿಕ. ರೆಕ್ಕೆ, ಗರಿ, ಬಣ್ಣ, ವೇಗ ಇವಿಷ್ಟೇ ಸಾಕಾಗಿ, ಹಕ್ಕಿತನವೇ ಕವನವಾದ ಅಪೂರ್ವ ಪ್ರಸಂಗ ಅದು. ಆದರೆ ಮಹಾಕವಿಗೆ ಒದಗಿದ್ದು ಅನುಯಾಯಿಗಳಿಗೆ ಒದಗಬೇಕೆಂದಿಲ್ಲ. ಬೇಂದ್ರೆಯವರ ತರುವಾಯ ನಮ್ಮ ಕಡೆಯ ಪದ್ಯಗಳಲ್ಲಿ ಹಾರಿದ ಹೆಸರಿಲ್ಲದ ಹಕ್ಕಿಗಳಲ್ಲಿ ಹೆಚ್ಚಿನವು ಕಾಗದದ ಹಕ್ಕಿಗಳು.

ಕುವೆಂಪು ಹಿಡಿದ ದಾರಿ ಬೇರೆ. ತುಂಗೆಯ ಮೇಲೆ ಸಾಲಾಗಿ ಹಾರಿದ ಹಕ್ಕಿಗಳನ್ನು ದೇವರ ರುಜುವೆಂದು ಕಂಡ ಕವಿ, ಸಂಕಲನಕ್ಕೆ ‘ಪಕ್ಷಿಕಾಶಿ’ ಎಂದು ಹೆಸರಿಟ್ಟ ಕವಿ, ಹಕ್ಕಿಯನ್ನು ಭಾವದಲ್ಲಿ ಕರಗಿಸಿಬಿಡುವ ಮೊದಲು ಅದರ ಹೆಸರನ್ನು ಹೇಳಬಲ್ಲವರಾಗಿದ್ದರು. ಕಾಜಾಣ, ಕಾಮಳ್ಳಿ, ಪಿಕಳಾರ, ಮಡಿವಾಳ ಇವು ಮಲೆನಾಡಿನ ಮಾತಿನಿಂದ ನೇರವಾಗಿ ಅವರ ಬರಹಕ್ಕೆ ಬಂದವು. ಇಂದು ಕನ್ನಡದಲ್ಲಿ ಹಕ್ಕಿ ಗುರುತಿಸುವವರು ಈ ಹೆಸರುಗಳನ್ನು ಸಲೀಸಾಗಿ ಬಳಸುವುದಕ್ಕೆ ಅವರ ಸಾಹಿತ್ಯವೂ ಒಂದು ಕಾರಣ. ಮುಂದೆ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮರಾ ಹಿಡಿದು ಮೂಡಿಗೆರೆಯ ಕಾಡು ತೋಟಗಳಲ್ಲಿ ಕಾದು ಕುಳಿತು ‘ಮಿಂಚುಳ್ಳಿ’, ‘ಹಕ್ಕಿಪುಕ್ಕ’ಗಳಂಥ ಪುಸ್ತಕಗಳನ್ನು ಕೊಟ್ಟರು. ಅವರ ಗದ್ಯದ ಗುಣವೆಂದರೆ ಅಲ್ಲಿ ಹಕ್ಕಿ ಒಂಟಿಯಾಗಿ ಬರುವುದಿಲ್ಲ. ಅದರ ಸುತ್ತ ಮರ, ಮಳೆ, ಹುಳು ಇರುವಂತೆಯೇ ಅದರ ಬಗ್ಗೆ ಸರಿಯೋ ತಪ್ಪೋ ಮಾತಾಡುವ ಜನರೂ ಇರುತ್ತಾರೆ. ‘ಪರಿಸರದ ಕಥೆ’ಯನ್ನು ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಶಾಸ್ತ್ರವನ್ನು ಹರಟೆಯ ಧಾಟಿಯಲ್ಲಿ ಹೇಳಿದರೂ ಅದು ಜೊಳ್ಳಾಗದು ಎಂಬುದನ್ನು ಕನ್ನಡಕ್ಕೆ ತೋರಿಸಿಕೊಟ್ಟವರು ಅವರು.

ಆದರೆ ಇಲ್ಲಿಯೇ ಒಂದು ಕೊರತೆಯನ್ನು ಗುರುತಿಸಬೇಕಾಗಿದೆ. ಕನ್ನಡದ ಶ್ರೇಷ್ಠ ಪಕ್ಷಿಸಾಹಿತ್ಯ ಮಲೆನಾಡಿನಲ್ಲಿ ಹುಟ್ಟಿದ್ದು. ಅದು ಆ ಬರಹಗಾರರ ದೋಷವಲ್ಲ; ತಾವು ಬದುಕಿದ ನೆಲವನ್ನು ಅವರು ಬರೆದರು. ನಮ್ಮ ಎರಿ ನೆಲವನ್ನು ಬರೆಯಬೇಕಾದವರು ನಾವು. ಕಿತ್ತೂರಿನ ಪಶ್ಚಿಮಕ್ಕೆ ಇನ್ನೂ ಮಲೆನಾಡಿನ ಸೆರಗು ಕಾಣುತ್ತದೆ. ಅಲ್ಲಿಂದ ಮೂಡಲಿಗೆ ಬೈಲಹೊಂಗಲ ದಾಟಿ ಸವದತ್ತಿಗೆ ಬರುವಷ್ಟರಲ್ಲಿ ಮರಗಳು ಚದುರಿ, ಕರಿನೆಲ ಬಿಚ್ಚಿಕೊಂಡು, ಜೋಳ, ಕಡಲೆ, ಕುಸುಬಿ, ಹತ್ತಿಯ ಬಯಲು ತೆರೆಯುತ್ತದೆ. ರಾಮದುರ್ಗಕ್ಕೆ ಹೋಗುವಾಗ ಕೆಂಪುಕಲ್ಲಿನ ಬೋಳುಗುಡ್ಡಗಳು, ಕುರುಚಲು, ಜಾಲಿ. ನಡುವೆ ಮಲಪ್ರಭೆ. ಅವಳು ಗುಡ್ಡವನ್ನು ಸೀಳಿಕೊಂಡು ಹೊರಬೀಳುವ ಜಾಗಕ್ಕೆ ಜನ ಇಟ್ಟ ಹೆಸರು ನವಿಲುತೀರ್ಥ. ಇಂದು ಅಲ್ಲಿ ಅಣೆಕಟ್ಟಿದೆ, ಹಿಂದೆ ರೇಣುಕಾಸಾಗರವಿದೆ. ಅಂದರೆ ಈ ಬಸ್ಸಿನ ಹಾದಿಯಲ್ಲಿ ಕಾಡಂಚಿನ ಹಕ್ಕಿ, ಹೊಲದ ಹಕ್ಕಿ, ಕುರುಚಲ ಹಕ್ಕಿ, ನೀರಹಕ್ಕಿ ನಾಲ್ಕೂ ಇವೆ. ನಮ್ಮ ಸಾಹಿತ್ಯದಲ್ಲಿ ಈ ಬಯಲಿನ ಮನುಷ್ಯರಿದ್ದಾರೆ. ಬರ, ಸಾಲ, ಜಗಳ, ಜಾತ್ರೆಗಳಿವೆ. ಅದೇ ಹೊಲದ ಬದುವಿನ ಮೇಲೆ ಕುಳಿತ ಹಕ್ಕಿ ಇಲ್ಲ.

ಈ ನೆಲದ ಜೀವಿಗಳ ಬಗ್ಗೆ ಮೊದಲು ಕಣ್ಣಿಟ್ಟು ಬರೆದವನು ಪರದೇಶಿ. ಅದೂ ಕಿತ್ತೂರಿನ ಸೆರೆಯಾಳು. ಚರಿತ್ರೆಯನ್ನು ಓದಿದವರಿಗೆ ಅವನ ಹೆಸರು ಗೊತ್ತಿರಬೇಕು. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸಿಕ್ಕಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬನು ಸ್ಟೀವನ್‌ಸನ್, ಇನ್ನೊಬ್ಬನು ವಾಲ್ಟರ್ ಎಲಿಯಟ್. 1803ರಲ್ಲಿ ಹುಟ್ಟಿದ ಎಲಿಯಟ್ಟನಿಗೆ ಆಗ ಇಪ್ಪತ್ತೊಂದರ ಆಸುಪಾಸು. ಅವರನ್ನು ಕೊಲ್ಲಲಿಲ್ಲ, ಕೆಲವು ವಾರ ಸೆರೆಯಲ್ಲಿಟ್ಟು ಡಿಸೆಂಬರಿನ ಮೊದಲಲ್ಲಿ ಬಿಟ್ಟರು. ಮುಂದೆ ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಸೆರೆಯಲ್ಲಿದ್ದ ರಾಣಿ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಎಲಿಯಟ್ ಇದೇ ಸೀಮೆಯಲ್ಲಿ ಸುಮಾರು ಒಂಬತ್ತು ವರ್ಷ ಅಧಿಕಾರಿಯಾಗಿದ್ದ. ನಮ್ಮ ಸಂಶೋಧಕರು ಅವನನ್ನು ಕನ್ನಡ ಶಾಸನಗಳ ನೂರಾರು ಪ್ರತಿಗಳನ್ನು ಕೂಡಿಸಿದವನೆಂದು ನೆನೆಯುತ್ತಾರೆ. ಅವನು 1839ರಲ್ಲಿ ‘ಮದ್ರಾಸ್ ಜರ್ನಲ್ ಆಫ್ ಲಿಟರೇಚರ್ ಅಂಡ್ ಸೈನ್ಸ್’ ಎಂಬ ಪತ್ರಿಕೆಯಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನೂ ಪ್ರಕಟಿಸಿದ. ಆ ಸೀಮೆಯೆಂದರೆ ನಮ್ಮ ಧಾರವಾಡ ಬೆಳಗಾವಿಗಳು.

ಆ ಪಟ್ಟಿಯನ್ನು ಶಾಸ್ತ್ರವೆಂದಲ್ಲದೆ ಬರಹವೆಂದು ಓದಿದರೆ ಅದರ ಬೆಲೆ ತಿಳಿಯುತ್ತದೆ. ಅಲ್ಲಿ ಹುಲಿ ಚಿರತೆಗಳಿಗಿಂತ ಇಲಿಗಳ ಮಾತು ರುಚಿಯಾಗಿದೆ. ಪೊದೆಯಲ್ಲಿ ಹುಲ್ಲಿನ ಗೂಡು ಕಟ್ಟುವ ಒಂದು ಇಲಿಗೆ ನಮ್ಮ ಜನ ಗುಲಂಡ, ಗುಲಂಡಿ ಎನ್ನುತ್ತಿದ್ದರು. ಹಗೇವಿನಂತೆ ಬಿಲದಲ್ಲಿ ಕಾಳು ಕೂಡಿಡುವ ಇಲಿಗೆ ಕೋಕ್ ಎನ್ನುತ್ತಿದ್ದರು. ಎರಿ ನೆಲದ ಬಿರುಕಿನಲ್ಲಿ ಬದುಕುವ ಮೆತ್ತನೆಯ ತುಪ್ಪುಳಿನ ಇಲಿಗೆ ವಡ್ಡರ ಮಾತಿನಲ್ಲಿ ಮೆಟ್ಟಾಡ ಎಂಬ ಹೆಸರಿತ್ತು. ಎಲಿಯಟ್ ಮಾದರಿಗಳೊಡನೆ ಹೆಸರುಗಳನ್ನೂ ಕಳಿಸಿದ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರೇ ಎಂಬ ವಿದ್ವಾಂಸ 1837ರಲ್ಲಿ ಆ ಹೆಸರುಗಳನ್ನೇ ಲ್ಯಾಟಿನ್ನಿನ ಬಟ್ಟೆ ತೊಡಿಸಿ ಸ್ವೀಕರಿಸಿದ. ಇಂದಿಗೂ ಜಗತ್ತಿನ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಆ ಪೊದೆಯಿಲಿ ಗೊಲುಂಡ ಎಲಿಯೋಟಿ, ಈ ಬಿರುಕಿನ ಇಲಿ ಮಿಲ್ಲಾರ್ಡಿಯ ಮೆಲ್ಟಾಡ. ಎರಡರ ಹುಟ್ಟೂರೆಂದು ಶಾಸ್ತ್ರ ದಾಖಲಿಸಿರುವುದು ಧಾರವಾಡವನ್ನು.

ಎಲಿಯಟ್ಟನ ಇನ್ನೊಂದು ವರ್ಣನೆಯನ್ನು ಒಬ್ಬ ಕಾದಂಬರಿಕಾರನೂ ಬರೆಯಬಹುದಿತ್ತು. 1826ರಲ್ಲಿ ಮಳೆ ಹಿಂಜರಿದು, ಬಿರುಕುಗಳಲ್ಲಿ ನೀರು ನುಗ್ಗಿ ಸಾಯಬೇಕಾದ ಮೆಟ್ಟಾಡಗಳು ಸಾಯದೆ ಹೆಚ್ಚಿದವು. ಬಿತ್ತಿದ ಕಾಳನ್ನು ನೆಲದಲ್ಲೇ ತಿಂದವು. ಉಳಿದ ಜೋಳದ ದಂಟನ್ನು ಹತ್ತಿ ತೆನೆ ಕಡಿದವು. ರೈತರಿಗೆ ಸರಕಾರದ ಕಂದಾಯ ಕಟ್ಟುವುದೂ ಆಗಲಿಲ್ಲ. ಕಡೆಗೆ ಇಷ್ಟು ಡಜನ್ನಿಗೆ ಇಷ್ಟು ಕಾಳೆಂದು ವಡ್ಡರನ್ನು ಗೊತ್ತುಮಾಡಿದರು. ಅವರು ಸಾವಿರಗಟ್ಟಲೆ ಕೊಂದರೂ ಇಲಿ ಕಡಿಮೆಯಾದಂತೆ ಕಾಣಲಿಲ್ಲ. ಕೋಕ್ ಇಲಿಯ ಬಿಲವನ್ನು ಅಗೆದು ಅದು ಬಚ್ಚಿಟ್ಟ ಕಾಳಿನಿಂದಲೇ ಸುಗ್ಗಿಯ ಕಾಲದಲ್ಲಿ ವಡ್ಡರು ಹೊಟ್ಟೆ ಹೊರೆಯುತ್ತಿದ್ದರೆಂದೂ ಅವನು ಬರೆದಿದ್ದಾನೆ. ಒಂದು ಇಲಿಯ ವಿವರದಲ್ಲಿ ಮಳೆ, ಬೆಳೆ, ಕಂದಾಯ, ಹಸಿವು ಎಲ್ಲ ಸೇರಿಕೊಂಡಿವೆ.

ಎಲಿಯಟ್ಟನನ್ನು ಹೊಗಳಿ ಮುಗಿಸುವಂತಿಲ್ಲ. ಹೆಸರು ಹೇಳಿದ ಗುಲಂಡಿಯ ರೈತನಿಗಾಗಲಿ, ಮೆಟ್ಟಾಡವನ್ನು ಬಿಲದಿಂದ ಎತ್ತಿ ತೋರಿಸಿದ ವಡ್ಡರವನಿಗಾಗಲಿ ಆ ಶಾಸ್ತ್ರದ ಹೆಸರಿನಲ್ಲಿ ಪಾಲಿಲ್ಲ. ಬಾಲದಲ್ಲಿ ಕುಳಿತದ್ದು ಎಲಿಯಟ್ಟನ ಹೆಸರು. ಆಳುವವನ ಪಟ್ಟಿ ಅದು. ಆದರೂ ಒಂದು ಮಾತನ್ನು ಒಪ್ಪಬೇಕು. ನೆಲದವರು ಕರೆಯುವ ಹೆಸರು ನೋಟದ ಭಾಗವೇ ಎಂಬುದು ಅವನಿಗೆ ತಿಳಿದಿತ್ತು. ಗುಲಂಡಿ ಲಂಡನ್ನಿನಲ್ಲಿ ಉಳಿಯಿತು. ಬೈಲಹೊಂಗಲದ ಕಾಲೇಜು ವಿದ್ಯಾರ್ಥಿಗೆ ಆ ಶಬ್ದವನ್ನು ಹೇಳಿದರೆ ಅವನು ಎಲ್ಲಿಯದಪ್ಪಾ ಈ ಮಾತು ಎಂದು ಮುಖ ನೋಡಿಯಾನು.

ಇನ್ನು ಇಂದಿನ ಪಕ್ಷಿಗ್ರಂಥಗಳ ಕಡೆಗೆ ಬರೋಣ. ಕನ್ನಡದಲ್ಲಿ ಈಗ ಹಕ್ಕಿ ಗುರುತಿಸುವ ಕೈಪಿಡಿಗಳು ಬರುತ್ತಿವೆ, ಚಿತ್ರಗಳು ಸೊಗಸಾಗಿವೆ, ಇದು ಸಂತೋಷದ ವಿಷಯ. ಆದರೆ ಹೆಸರಿಡುವಲ್ಲಿ ಇವು ಆಗಾಗ ಇಂಗ್ಲಿಷಿನ ನೆರಳಾಗುತ್ತವೆ. ಒಂದು ಉದಾಹರಣೆ ಸಾಕು. ಬೇಸಿಗೆಯ ಕೊನೆಗೆ, ಮೋಡ ಕಟ್ಟುವ ದಿನಗಳಲ್ಲಿ, ಮೂರು ತುಂಡಿನ ಕೂಗನ್ನು ಮೇಲಕ್ಕೆ ಮೇಲಕ್ಕೆ ಏರಿಸುತ್ತ ಹಗಲಿರುಳು ಕೂಗುವ ಒಂದು ಕೋಗಿಲೆಯ ಜಾತಿಯಿದೆ. ಇಂಗ್ಲಿಷಿನವನಿಗೆ ಅದು ಜ್ವರ ಹಿಡಿದ ತಲೆಯಲ್ಲಿ ಬಡಿಯುವಂತೆ ಕೇಳಿ ‘ಬ್ರೇನ್ ಫೀವರ್’ ಆಯಿತು. ಹಿಂದಿಯವನಿಗೆ ನಲ್ಲನೆಲ್ಲಿ ಎಂಬ ವಿರಹದ ಪ್ರಶ್ನೆಯಾಯಿತು. ನಮ್ಮ ನೆರೆಯ ಮರಾಠಿ ರೈತನಿಗೆ ಅದು ‘ಪೇರ್ತೇ ವ್ಹಾ’ ಎಂದು, ಬಿತ್ತುವವರಾಗಿ ಎಂದು, ಕೇಳಿಸಿತು. ಆದುದರಿಂದ ಆ ಹಕ್ಕಿಗೆ ಅವನು ಮಳೆಯ ಹೆಸರನ್ನೇ ಇಟ್ಟು ಪಾವಶಾ ಎಂದ. ಹಕ್ಕಿ ಒಂದೇ, ಕೂಗು ಒಂದೇ. ಕೇಳಿದವನ ಬಾಳು ಬೇರೆ. ನಮ್ಮ ಕೆಲವು ಪುಸ್ತಕಗಳು ಇದನ್ನು ಕೋಗಿಲೆ ಚಾಣ ಎನ್ನುತ್ತವೆ. ಇದು ಇಂಗ್ಲಿಷಿನ ಜೋಡುಪದವನ್ನು ಬಿಡಿಸಿ ಕನ್ನಡದಲ್ಲಿ ಜೋಡಿಸಿದ್ದು. ತಪ್ಪಿಲ್ಲ, ಆದರೆ ಅದರಲ್ಲಿ ಕಿವಿಯೂ ಇಲ್ಲ, ಹೊಲವೂ ಇಲ್ಲ. ಇದೇ ಕೈಪಿಡಿಗಳಲ್ಲಿ ‘ಕೆಮ್ಮೀಸೆ ಪಿಕಳಾರ’ದಂಥ ಹೆಸರು ಎದುರಾದಾಗ ಮನಸ್ಸು ಅರಳುತ್ತದೆ. ಅದೂ ಇಂಗ್ಲಿಷಿನ ಅರ್ಥವನ್ನೇ ಹಿಡಿದದ್ದು, ಆದರೆ ಹಕ್ಕಿಯನ್ನು ನೋಡಿ ಕನ್ನಡದ ಸಂಧಿಯಲ್ಲಿ ಹುಟ್ಟಿದೆ.

ಹಳೆಯ ಹೆಸರುಗಳೆಲ್ಲ ಚಿನ್ನ, ಹೊಸವೆಲ್ಲ ಹಿತ್ತಾಳೆ ಎಂದು ಇದರ ಅರ್ಥವಲ್ಲ. ಜನದ ಹೆಸರುಗಳಿಗೂ ಮಿತಿಯಿದೆ. ಗುಬ್ಬಿಯೆಂಬ ಒಂದೇ ಮಾತಿನಲ್ಲಿ ಎಷ್ಟೋ ಜಾತಿಯ ಚಿಕ್ಕ ಹಕ್ಕಿಗಳು ಅಡಗುತ್ತವೆ; ಹದ್ದು ಎಂಬುದರಲ್ಲಿ ಬೇಟೆಹಕ್ಕಿಗಳ ಇಡೀ ಬಳಗವೇ ಇದೆ. ಹಾಲಕ್ಕಿಯ ಪ್ರಸಂಗ ಇನ್ನೂ ವಿಚಿತ್ರ. ನಸುಕಿನಲ್ಲಿ ಬಾಗಿಲಿಗೆ ಬರುವ ಬುಡುಬುಡಿಕೆಯವನು ಹಾಲಕ್ಕಿಯ ನುಡಿಯನ್ನು ಅರ್ಥಮಾಡಿ ಹೇಳುತ್ತಾನೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಹಾಲಕ್ಕಿ ಯಾವುದು ತೋರಿಸಿ ಎಂದರೆ ಬೆರಳು ಎತ್ತಬಲ್ಲವರು ಎಷ್ಟು ಮಂದಿ? ಕೈಪಿಡಿಗಳು ಅದನ್ನು ಬೇವಿನ ಪೊಟರೆಯ ಆ ಚುಕ್ಕೆಗೂಬೆಯೆಂದು ಗುರುತಿಸುತ್ತವೆ. ಹಾಗಿದ್ದರೆ ಶುಭ ನುಡಿಯುವ ಹಾಲಕ್ಕಿಯೂ, ಮನೆಯ ಮೇಲೆ ಕುಳಿತರೆ ಅಪಶಕುನವೆಂದು ಕಲ್ಲು ಹೊಡೆಸಿಕೊಳ್ಳುವ ಗೂಬೆಯೂ ಒಂದೇ ಬಳಗ! ಬೈಗುಳವಾಗಿ ಮಾತ್ರ ನಮ್ಮ ಗದ್ಯದಲ್ಲಿ ಬರುವ ಗೂಬೆ ಎಲಿಯಟ್ಟನ ಮೆಟ್ಟಾಡಗಳನ್ನು ರಾತ್ರಿಯೆಲ್ಲ ಹಿಡಿದು ತಿಂದು ರೈತನ ಋಣ ತೀರಿಸುವ ಹಕ್ಕಿ. ಶಬ್ದವನ್ನು ಹಕ್ಕಿಗೆ ಮತ್ತೆ ಕಟ್ಟುವ ಕೆಲಸವನ್ನು ಇಲ್ಲಿ ಕೈಪಿಡಿಯೇ ಮಾಡಬೇಕು.

ಇದಕ್ಕೆ ಇದಿರಾಗಿ ಕೆಂಬೂತವನ್ನು ನೋಡಿರಿ. ನವಿಲನ್ನು ನೋಡಿ ಕೆಂಬೂತ ಕುಣಿಯಿತೆಂಬ ಗಾದೆಯಿಂದ ಅದು ನಗೆಪಾಟಲಿನ ಹಕ್ಕಿಯಾಯಿತು. ಅದೇ ಹಕ್ಕಿ, ಕರಿಮೈ, ತುಕ್ಕಿನ ಬಣ್ಣದ ರೆಕ್ಕೆ, ಮಾಣಿಕದಂಥ ಕಣ್ಣು, ಹಿತ್ತಲ ಬೇಲಿಯಲ್ಲಿ ಭಾರವಾಗಿ ಹೆಜ್ಜೆಯಿಡುತ್ತ ಬಂದರೆ ನಮ್ಮ ಕಡೆಯ ಅನೇಕರಿಗೆ ರತ್ನಪಕ್ಷಿ. ಅದನ್ನು ಕಂಡರೆ ಆ ದಿನ ಒಳ್ಳೆಯದು. ಸಾಹಿತ್ಯದ ತೀರ್ಪೂ ಹಿತ್ತಲಿನ ತೀರ್ಪೂ ಹೀಗೆ ಬೇರೆಯಾದಾಗ ವಿಮರ್ಶಕನು ಹಿತ್ತಲಿಗೆ ಹೋಗಿ ನೋಡಿ ಬರುವುದು ಲೇಸು.

ಈ ಮಾತೆಲ್ಲ ಬರಿಯ ಪದಗಳ ಚರ್ಚೆಯಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಕಾವ್ಯದಲ್ಲಿ ಸ್ಥಾನ ಪಡೆದ ಹಕ್ಕಿಗೂ ಪಡೆಯದ ಹಕ್ಕಿಗೂ ಬದುಕಿನಲ್ಲಿಯೇ ವ್ಯತ್ಯಾಸವಾದದ್ದುಂಟು. ದಖ್ಖಣದ ಎರಿ ಬಯಲುಗಳಲ್ಲಿ ಮೊಣಕಾಲೆತ್ತರದ ಹುಲ್ಲು ಬೆಳೆಗಳ ನಡುವೆ ಮನುಷ್ಯನ ಸೊಂಟದೆತ್ತರಕ್ಕೆ ನಿಂತು ನಡೆಯುವ ಒಂದು ಮಹಾಪಕ್ಷಿಯಿತ್ತು. ರೈತರು ಅದನ್ನು ಎರಿಭೂತ ಎಂದರು. ಎರಿಯಲ್ಲಿ ಇದ್ದಕ್ಕಿದ್ದಂತೆ ಎದ್ದು ನಿಂತು ಬೆಚ್ಚಿಬೀಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಹೆಸರನ್ನು ಯಾವ ಕವಿಯೂ ಇಡಲಾರ. ಸಲೀಂ ಅಲಿಯವರು ಈ ಹಕ್ಕಿಯೇ ರಾಷ್ಟ್ರಪಕ್ಷಿಯಾಗಬೇಕೆಂದು ವಾದಿಸಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ನವಿಲಿನ ಹಿಂದೆ ಕಾಳಿದಾಸನಿಂದ ಹಿಡಿದು ಜನಪದ ಹಾಡಿನವರೆಗೆ ಸಾಹಿತ್ಯದ ಸೈನ್ಯವೇ ಇತ್ತು; ಎರಿಭೂತದ ಹಿಂದೆ ಒಂದು ಪದ್ಯವೂ ಇರಲಿಲ್ಲ. ಕರ್ನಾಟಕದಲ್ಲಿ ಅದರ ನೆಲೆಗಳಲ್ಲಿ ಒಂದೆಂದು ಹೆಸರಾದ ರಾಣೆಬೆನ್ನೂರಿನ ಅಭಯಾರಣ್ಯ 1974ರಲ್ಲಿ ಆಯಿತು. ಇಂದು ನಮ್ಮ ರಾಜ್ಯದಲ್ಲಿ ಅದನ್ನು ಕಾಣಬೇಕಾದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಹೋಗಬೇಕು; ಅಲ್ಲಿಯೂ ಉಳಿದಿರುವುದು ಬೆರಳೆಣಿಕೆಯಷ್ಟು. ಬೇಟೆ, ಹುಲ್ಲುಗಾವಲಿನ ನಾಶ, ವಿದ್ಯುತ್ತಿನ ತಂತಿ ಅದನ್ನು ನುಂಗಿದವು. ಪದ್ಯವೊಂದು ಹಕ್ಕಿಯನ್ನು ಉಳಿಸುತ್ತಿತ್ತೆಂದು ಹೇಳುವಷ್ಟು ಭೋಳೆತನ ಬೇಡ. ಆದರೆ ಯಾರೂ ಬರೆಯದ ಹಕ್ಕಿಯ ಸಾವನ್ನು ಯಾರೂ ಗಮನಿಸುವುದಿಲ್ಲ ಎಂಬುದಂತೂ ನಿಜ.

2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಯ ವರದಿಯೂ ಇದನ್ನೇ ಬೇರೆ ಭಾಷೆಯಲ್ಲಿ ಹೇಳುತ್ತದೆ. ಸುಮಾರು 30,000 ಹವ್ಯಾಸಿ ವೀಕ್ಷಕರು ಬರೆದಿಟ್ಟ ಟಿಪ್ಪಣಿಗಳ ಆಧಾರದಿಂದ ಅದು ಸಿದ್ಧವಾಯಿತು. ದೀರ್ಘಕಾಲದ ಏರಿಳಿತವನ್ನು ಲೆಕ್ಕಹಾಕಲು ಸಾಧ್ಯವಾದ 338 ಜಾತಿಗಳಲ್ಲಿ 204 ಜಾತಿಗಳು ಇಳಿಮುಖವಾಗಿವೆ. ನವಿಲು ಹೆಚ್ಚಿದೆ. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠ, ಸವದತ್ತಿಯ ಹಾದಿಯ ತಂತಿಯ ಮೇಲೆ ಮಂಕಾಗಿ ಕುಳಿತಿದ್ದು ಹಾರಿದೊಡನೆ ನೀಲಿಯ ಬೆಂಕಿಯಾಗುವ ಆ ಬಯಲುಹಕ್ಕಿ, ಕಡಿಮೆಯಾಗುತ್ತಿದೆ. ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಆ ವರದಿಯನ್ನು ಬರೆಸಿದವರು ಹಿತ್ತಲಲ್ಲಿ, ಕೆರೆಯ ದಂಡೆಯಲ್ಲಿ ನಿಂತು ದಿನಾಂಕ, ಸ್ಥಳ, ಎಣಿಕೆ ಗುರುತು ಹಾಕಿಕೊಂಡ ಗುಮಾಸ್ತರು, ಶಿಕ್ಷಕರು, ಗೃಹಿಣಿಯರು, ವಿದ್ಯಾರ್ಥಿಗಳಂಥ ಸಾಮಾನ್ಯರೇ. ನೋಡಿದ್ದನ್ನು ಬರೆದಿಡುವುದೂ ಒಂದು ಬಗೆಯ ಸಾಹಿತ್ಯವೇ.

ನಮ್ಮ ನಾಲ್ಕು ತಾಲೂಕುಗಳಲ್ಲಿ ಈ ಕೆಲಸಕ್ಕೆ ಹಳೆಯ ಶಾಲೆಯೊಂದಿತ್ತು. ಜೋಳ ಹಾಲುಗಟ್ಟಿ ಸೀತನಿಗೆ ಬಂದಾಗ ಅಟ್ಟದ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದ ಹುಡುಗ ಹುಡುಗಿಯರ ಶಾಲೆ ಅದು. ಯಾವ ಹಕ್ಕಿ ಒಂಟಿಯಾಗಿ ಬರುತ್ತದೆ, ಯಾವುದು ಹಿಂಡುಕಟ್ಟಿ ಬರುತ್ತದೆ, ಯಾವುದು ತೆನೆಗೆ, ಯಾವುದು ಹುಳಕ್ಕೆ, ಇದೆಲ್ಲ ಆ ಮಕ್ಕಳಿಗೆ ಗೊತ್ತಿರಬೇಕಾಗಿತ್ತು. ಇಲ್ಲದಿದ್ದರೆ ಮನೆಗೆ ಕಾಳು ಬರುತ್ತಿರಲಿಲ್ಲ. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬಂದು ತೆನೆಗೆ ಮುತ್ತುವ ಗುಲಾಬಿ ಮೈಯ ಕಬ್ಬಕ್ಕಿಯನ್ನು ದಖ್ಖಣದ ಇಂಗ್ಲಿಷರು ಜೋಳದ ಹೆಸರಿನಿಂದಲೇ ಕರೆದರೆಂದ ಮೇಲೆ ಆ ಮಕ್ಕಳು ಅದನ್ನು ಏನೆಂದು ಬೈದಿರಬೇಕು! ಈಗ ಕಾಲುವೆಯ ನೀರು ಬಂದಲ್ಲಿ ಕಬ್ಬು ನಿಂತಿದೆ. ಕಬ್ಬಿಗೆ ಹಕ್ಕಿ ಕಾಯಬೇಕಿಲ್ಲ. ಮಕ್ಕಳು ಶಾಲೆಗೆ ಹೋಗುತ್ತಾರೆ, ಹೋಗಲೇಬೇಕು. ಆದರೆ ಅಟ್ಟದ ಶಾಲೆ ಕಲಿಸುತ್ತಿದ್ದ ಪಾಠ ಊರಿನ ಶಾಲೆಯ ಪಠ್ಯಕ್ಕೆ ಬರಲಿಲ್ಲ.

ಆ ಜಾಗದಲ್ಲಿ ಈಗ ಮೊಬೈಲ್ ಫೋನ್ ಬಂದಿದೆ. ಹಿತ್ತಲಲ್ಲಿ ಹಿಡಿದರೆ ಹಕ್ಕಿಯ ದನಿಯನ್ನು ಕೇಳಿ ಅದು ಹೆಸರು ಹೇಳುತ್ತದೆ. ಇದನ್ನು ಹಳಿಯಬೇಕಾದ್ದಿಲ್ಲ; ಹೆಸರು ತಿಳಿಯದ ಸಂಕಟಕ್ಕಿಂತ ಯಾವುದೋ ಹೆಸರು ತಿಳಿಯುವುದು ಮೇಲು. ಆದರೆ ಅದು ಹಕ್ಕಿಯನ್ನು ಜಗತ್ತಿನ ಪಟ್ಟಿಗೆ ಸೇರಿಸುತ್ತದೆಯೇ ಹೊರತು ನಮ್ಮ ಓಣಿಗೆ ಸೇರಿಸುವುದಿಲ್ಲ. ಮೊಮ್ಮಗ ಫೋನು ನೋಡಿ ಇಂಗ್ಲಿಷ್ ಹೆಸರು ಹೇಳುತ್ತಾನೆ, ಅಜ್ಜಿ ತನ್ನ ಹೆಸರು ಹೇಳುತ್ತಾಳೆ. ಎರಡೂ ಒಂದೇ ಹಕ್ಕಿಯ ಹೆಸರೆಂದು ಇಬ್ಬರಿಗೂ ಗೊತ್ತಾಗುವುದಿಲ್ಲ. ಆ ಎರಡು ಹೆಸರುಗಳನ್ನು ಒಂದೇ ಸಾಲಿನಲ್ಲಿ ಬರೆದಿಡುವುದು ಬರಹಗಾರನ ಕೆಲಸ. ತಡಮಾಡಿದರೆ ಅಜ್ಜಿಯ ಹೆಸರು ಹೋಗುತ್ತದೆ; ಇನ್ನೂ ತಡಮಾಡಿದರೆ ಹಕ್ಕಿಯೂ ಹೋಗಬಹುದು.

ಆದುದರಿಂದ ನಮಗೆ ಬೇಕಾಗಿರುವುದು ಇಡೀ ಕರ್ನಾಟಕದ ಇನ್ನೊಂದು ದಪ್ಪ ಪುಸ್ತಕವಲ್ಲ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಹಿತ್ತಲು ಹೊಲಗಳಲ್ಲಿ ಸುಲಭವಾಗಿ ಕಾಣುವ ಐವತ್ತು ಅರವತ್ತು ಹಕ್ಕಿಗಳ, ಅಳಿಲು ಮುಂಗುಸಿಗಳ ಒಂದು ಚಿಕ್ಕ ಪುಸ್ತಕ. ಒಂದೊಂದಕ್ಕೂ ಶಾಸ್ತ್ರದ ಹೆಸರಿರಲಿ, ಕೈಪಿಡಿಯ ಹೆಸರಿರಲಿ. ಅದರ ಜೊತೆಗೆ ರೈತ, ಕುರುಬ, ಮೀನುಗಾರ, ಅಡಿಗೆಮನೆಯ ಕಿಟಕಿಯಿಂದ ನೋಡುವ ತಾಯಿ ಕರೆಯುವ ಹೆಸರೂ ಇರಲಿ, ಅದನ್ನು ಹೇಳಿದ ಊರೂ ಇರಲಿ. ಎಲಿಯಟ್ಟನ ಶಿಸ್ತು, ಕುವೆಂಪು ಅವರ ಕಿವಿ, ತೇಜಸ್ವಿಯವರ ಹರಟೆ ಇವು ಮೂರೂ ಆ ಪುಸ್ತಕ ಬರೆಯುವವರಿಗೆ ಬೇಕು. ಅಷ್ಟು ದೊಡ್ಡ ಪ್ರತಿಭೆಗಾಗಿ ಕಾಯಬೇಕಾಗಿಲ್ಲ. ಒಂದು ನೋಟ್‌ಬುಕ್ಕು, ಬೆಳಗಿನ ಅರ್ಧ ತಾಸು, ಕೇಳಿದ್ದನ್ನು ಬದಲಿಸದೆ ಬರೆಯುವ ಪ್ರಾಮಾಣಿಕತೆ ಇದ್ದರೆ ಆರಂಭಕ್ಕೆ ಸಾಕು. ಅಂಥ ಪುಸ್ತಕದಿಂದ ಕವಿಗಳಿಗೂ ಲಾಭವಿದೆ. ಹೆಸರು ಗೊತ್ತಿದ್ದ ಹಕ್ಕಿಯನ್ನು ಕಾಗದದ ಹಕ್ಕಿಯನ್ನಾಗಿ ಮಾಡುವುದು ಅಷ್ಟು ಸುಲಭವಲ್ಲ.